ಬಿಸಿಲ ನಾಡಿನಲ್ಲಿ ಸದ್ದಿಲ್ಲದ ಸವಾರಿ

ಬಳ್ಳಾರಿಗೆ ಎರಡೇ ಋತು, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಊರಿನವರೂ ನಗುತ್ತಲೇ ಒಪ್ಪಿಕೊಳ್ಳುವ ಮಾತಿದು. ಏಪ್ರಿಲ್ ಕಾಲಿಟ್ಟಿತೆಂದರೆ ಉಷ್ಣಮಾಪಕವು 40 ಡಿಗ್ರಿಯ ಗೆರೆಯನ್ನು ದಾಟುತ್ತದೆ. ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯ ಹೊತ್ತು ಊರಿನ ಮೇಲೆ ಕಾರುತ್ತವೆ. ಇಂತಹ ಊರಿನ ಬೀದಿಗಳಲ್ಲಿ ಕೆಲವು ವರ್ಷಗಳಿಂದ ಹೊಸ ಬಗೆಯ ವಾಹನವೊಂದು ಕಾಣಿಸಿಕೊಳ್ಳುತ್ತಿದೆ. ಕಾಣಿಸಿಕೊಳ್ಳುತ್ತಿದೆ ಎನ್ನಬೇಕೇ ವಿನಾ ಕೇಳಿಸಿಕೊಳ್ಳುತ್ತಿದೆ ಎನ್ನುವಂತಿಲ್ಲ. ಹಳಬರು ಈಗಲೂ ರಾಯಲ್ ಸರ್ಕಲ್ ಎಂದು ಕರೆಯುವ ಗಡಿಗಿ ಚೆನ್ನಪ್ಪ ವೃತ್ತದಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ನಿಂತು ನೋಡಿದರೆ, ಹಸಿರು ಫಲಕದ ಮೇಲೆ ಬಿಳಿಯ ಅಕ್ಷರಗಳನ್ನು ಹೊತ್ತ ಸ್ಕೂಟರುಗಳು ಗುಂಪಿನ ನಡುವೆ ಸದ್ದಿಲ್ಲದೆ ನುಸುಳಿ ಹೋಗುತ್ತಿರುತ್ತವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಶಾಲೆಗೆ ಹೊರಟ ಉಪಾಧ್ಯಾಯಿನಿ, ಜೀನ್ಸ್ ಹೊಲಿಗೆಯ ಕಾರ್ಖಾನೆಗೆ ನೂಲಿನ ಗಂಟು ಸಾಗಿಸುವ ಯುವಕ, ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಂಡ ನಿವೃತ್ತ ಗುಮಾಸ್ತರು, ಹೀಗೆ ಎಲ್ಲ ಬಗೆಯ ಜನರೂ ಇದರ ಸವಾರರಾಗಿದ್ದಾರೆ.

ಇದನ್ನು ಕೊಳ್ಳಬಹುದೇ, ಕೊಂಡರೆ ಯಾವುದನ್ನು, ಕೊಂಡ ಮೇಲೆ ಹೇಗೆ ಬಾಳಿಸುವುದು ಎಂಬ ಚರ್ಚೆ ಇಂದು ಎಷ್ಟೋ ಮನೆಗಳ ಊಟದ ಹೊತ್ತಿನ ಮಾತಾಗಿದೆ. ಲಕ್ಷ ರೂಪಾಯಿಯ ಆಸುಪಾಸಿನ ವ್ಯವಹಾರವಾದ್ದರಿಂದ ಮಧ್ಯಮ ವರ್ಗದ ಸಂಸಾರಕ್ಕೆ ಇದು ಸಣ್ಣ ವಿಷಯವೇನೂ ಅಲ್ಲ. ಹಣಕ್ಕಿಂತಲೂ ಹೆಚ್ಚಿನದೊಂದು ಪ್ರಶ್ನೆಯೂ ಇದರಲ್ಲಿ ಅಡಗಿದೆ; ಅದು ಮನೆಯೊಳಗಿನ ಬೆಂಕಿಯ ಭಯ. ಮುಂದೆ ಅದನ್ನೂ ವಿಚಾರಿಸೋಣ.

ವಿದ್ಯುಚ್ಛಕ್ತಿಯಿಂದ ಓಡುವ ಬೈಸಿಕಲ್ಲು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ಹಿಂದಿನ ಚಕ್ರದ ಗುಂಬದೊಳಗೇ ಮೋಟಾರನ್ನು ಇರಿಸಿದ ಸೈಕಲ್ಲಿಗೆ 1895ರ ಕೊನೆಯ ದಿನ ಹಕ್ಕುಪತ್ರ ಪಡೆದಿದ್ದನು. ಇಂದಿನ ಅಗ್ಗದ ಇ-ಬೈಕುಗಳಲ್ಲಿ ಬಹುಪಾಲಿನವು ಇದೇ ಏರ್ಪಾಟನ್ನು ಅನುಸರಿಸುತ್ತವೆ. ಮೋಟಾರು ಸಿದ್ಧವಾಗಿತ್ತು, ರಸ್ತೆ ಸಿದ್ಧವಾಗಿತ್ತು, ಸಿದ್ಧವಾಗಿರದಿದ್ದುದು ಬ್ಯಾಟರಿ. ಸೀಸದ ಬ್ಯಾಟರಿಯ ಭಾರವನ್ನು ಹೊತ್ತು ಸೈಕಲ್ಲು ಬಹುದೂರ ಹೋಗಲಾರದೆ ನೂರು ವರ್ಷ ಕಾಯಬೇಕಾಯಿತು. 1991ರಲ್ಲಿ ಜಪಾನಿನ ಸೋನಿ ಕಂಪನಿಯು ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮೊದಲು ಕ್ಯಾಮೆರಾಗಳಿಗೂ ದೂರವಾಣಿಗಳಿಗೂ ಬಂದ ಈ ಹಗುರ ಬ್ಯಾಟರಿ ಆಮೇಲೆ ವಾಹನಗಳಿಗೆ ಇಳಿಯಿತು. ಅದರ ಮೂಲಪುರುಷರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದುದು ವಾಚಕರಿಗೆ ನೆನಪಿರಬಹುದು. ನಮ್ಮ ರಾಜ್ಯವಂತೂ ಈ ವಿಷಯದಲ್ಲಿ ಮುಂದೆಯೇ ಇದೆ. ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು 2017ರಲ್ಲಿ ಪ್ರಕಟಿಸಿದ ಕರ್ನಾಟಕವು ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ.

ಎರಡು ಜಾತಿ, ಎರಡು ಕಾನೂನು

ಅಂಗಡಿಗೆ ಹೋಗುವ ಮೊದಲು ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಒಂದೇ ಸಾಲಿನಲ್ಲಿ ನಿಲ್ಲಿಸಿದ ಈ ವಾಹನಗಳಲ್ಲಿ ಎರಡು ಜಾತಿಗಳುಂಟು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವಂತೆ ತಯಾರಾಗಿ ಸರ್ಕಾರದ ಪರೀಕ್ಷಾಲಯದಿಂದ ಒಪ್ಪಿಗೆ ಪಡೆದ ವಾಹನವನ್ನು ನಮ್ಮ ಕಾನೂನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಚಾಲನಾಪತ್ರ ಬೇಡ. ಅದನ್ನು ಮೀರಿದ್ದೆಲ್ಲಕ್ಕೂ ಹಸಿರು ಫಲಕ, ವಿಮೆ, ಚಾಲನಾಪತ್ರ ಎಲ್ಲವೂ ಬೇಕು.

ಮೊದಲನೆಯ ಜಾತಿಯಲ್ಲಿ ತುಳಿಯುವ ಸೈಕಲ್ಲೂ ಸೇರಿದೆ, ಸ್ಕೂಟರಿನ ಆಕಾರದ ಗಾಡಿಯೂ ಸೇರಿದೆ. ಊರೊಳಗೆ ತರಕಾರಿ ತರಲು, ಮನೆಪಾಠಕ್ಕೆ ಹೋಗಿಬರಲು ಅವು ಬೇಕಾದಷ್ಟಾದವು. ಆದರೆ ಇಲ್ಲಿಯೇ ಒಂದು ಮೋಸವೂ ನಡೆಯುವುದುಂಟು. 25ಕ್ಕೆ ಬಿಗಿದ ವೇಗವನ್ನು ತಂತಿಯೊಂದನ್ನು ಕಳಚಿ 45ಕ್ಕೆ ಏರಿಸಿಕೊಡುವ ಕೈಚಳಕದವರಿದ್ದಾರೆ. ಹಾಗೆ ಮಾಡಿದೊಡನೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ. ಅದರ ಬ್ರೇಕು, ಚೌಕಟ್ಟು, ಟೈರುಗಳೆಲ್ಲ ಮೆಲ್ಲನೆಯ ಓಟಕ್ಕೆ ಮಾಡಿದವು. ಹತ್ತನೆಯ ತರಗತಿಯ ಮಗನ ಕೈಗೆ ಅಂತಹ ಗಾಡಿಯನ್ನು ಕೊಟ್ಟ ತಂದೆ, ಅಪಘಾತವಾದ ದಿನ ಪರಿಹಾರದ ಹಣವನ್ನು ತನ್ನ ಕಿಸೆಯಿಂದಲೇ ತೆರಬೇಕಾದೀತು.

ಈ ಅಗ್ಗದ ಗಾಡಿಗಳಲ್ಲಿ ಕೆಲವಕ್ಕೆ ಇಂದಿಗೂ ಸೀಸದ ಬ್ಯಾಟರಿಯನ್ನೇ ಇಡುತ್ತಾರೆ. ಬೆಲೆ ಕಡಿಮೆ ಎಂಬುದು ನಿಜ. ಆದರೆ ಸುತ್ತಲಿನ ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುವುದು ಸೀಸದ ಬ್ಯಾಟರಿಯ ಜಾತಿಗುಣ. ತಂಪು ಹವೆಯ ಮಡಿಕೇರಿಯಲ್ಲಿ ಮೂರು ವರ್ಷ ನಡೆದೀತೆಂದರೆ ಬಳ್ಳಾರಿಯಲ್ಲಿ ಅಷ್ಟು ನಡೆಯುವ ಭರವಸೆಯಿಲ್ಲ. ಬಿಸಿಲ ನಾಡಿನವರು ಇದನ್ನು ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ತುಳಿಯುವ ಇ-ಸೈಕಲ್ಲಿನ ವಿಷಯವಾಗಿ ಒಂದು ಮಾತು. 1993ರಲ್ಲಿ ಯಮಾಹಾ ಕಂಪನಿಯು ಜಪಾನಿನಲ್ಲಿ ಮಾರಾಟಕ್ಕೆ ತಂದ ಸೈಕಲ್ಲಿನಲ್ಲಿ, ಸವಾರ ಪೆಡಲು ತುಳಿದಾಗ ಮಾತ್ರ ಮೋಟಾರು ನೆರವಿಗೆ ಬರುತ್ತಿತ್ತು. ಇಂದು ಹಾಲೆಂಡಿನಲ್ಲಿ ಹೊಸದಾಗಿ ಮಾರಾಟವಾಗುವ ಸೈಕಲ್ಲುಗಳಲ್ಲಿ ಸುಮಾರು ಅರ್ಧದಷ್ಟು ಈ ಬಗೆಯವೇ. ನಮ್ಮಲ್ಲಿ ಇದಕ್ಕೆ ತಕ್ಕ ಮರ್ಯಾದೆ ಇನ್ನೂ ದೊರೆತಿಲ್ಲ. ಬಳ್ಳಾರಿಯಂತಹ ಬಯಲು ನಾಡಿನ ಊರಿನಲ್ಲಿ ಐವತ್ತು ದಾಟಿದವರಿಗೂ ಮಂಡಿನೋವಿನವರಿಗೂ ಇದಕ್ಕಿಂತ ಒಳ್ಳೆಯ ವಾಹನ ಕಾಣೆ. ಬ್ಯಾಟರಿ ಚಿಕ್ಕದು, ಕೈಯಲ್ಲಿ ಹಿಡಿದು ಮಹಡಿಗೆ ಒಯ್ಯಬಹುದು. ಅದು ಮುಗಿದುಹೋದರೂ ತುಳಿದುಕೊಂಡು ಮನೆ ಸೇರಬಹುದು.

ಎಷ್ಟು ದೂರ ಓಡುತ್ತದೆ?

ಅಂಗಡಿಯಲ್ಲಿ ನಡೆಯುವ ಸಂಭಾಷಣೆ ಎಲ್ಲ ಕಡೆಯೂ ಒಂದೇ ರೀತಿ.

“ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ಓಡ್ತೈತಪ್ಪಾ?” ಎಂದು ಯಜಮಾನರು ಕೇಳುವರು.

“ನೂರಾ ಮೂವತ್ತು ಕಿಲೋಮೀಟರ್ ಸಾರ್, ಗ್ಯಾರಂಟಿ,” ಎಂದು ಅಂಗಡಿಯ ಹುಡುಗ ಹೇಳುವನು.

“ಹಿಂದೆ ನಾನು ಕುಂತರೂ ಅಷ್ಟೇ ಓಡ್ತೈತೇನಪ್ಪಾ?” ಎಂದು ಯಜಮಾನಿತಿ ಕೇಳಿದರೆ ಹುಡುಗ ನಗುವನು.

ಕೇಳಬೇಕಾದ ಪ್ರಶ್ನೆ ಯಜಮಾನಿತಿಯದೇ. ಹುಡುಗ ಹೇಳುವ ಅಂಕಿ ಸುಳ್ಳಲ್ಲ. ಅದು ಪರೀಕ್ಷಾಲಯದಲ್ಲಿ ಗೊತ್ತಾದ ಕ್ರಮದಿಂದ ಓಡಿಸಿ ಅಳೆದ ದೂರ. ನಮ್ಮ ರಸ್ತೆಗೆ ನಾವೇ ಲೆಕ್ಕ ಹಾಕಿಕೊಳ್ಳಬೇಕು, ಮತ್ತು ಆ ಲೆಕ್ಕ ಬಹು ಸುಲಭ. ಬ್ಯಾಟರಿಯ ಹಿಡಿತವನ್ನು ಕಿಲೋವ್ಯಾಟ್-ಗಂಟೆಯಲ್ಲಿ ಹೇಳುತ್ತಾರೆ. ಇದು ನಮ್ಮ ವಿದ್ಯುತ್ ಬಿಲ್ಲಿನ ಯೂನಿಟ್ಟೇ ಹೊರತು ಬೇರೆಯಲ್ಲ. 3 ಯೂನಿಟ್ಟಿನ ಬ್ಯಾಟರಿಯೆಂದರೆ 3,000 ವ್ಯಾಟ್-ಗಂಟೆ. ಒಬ್ಬನೇ ಸವಾರ 40ರ ವೇಗದಲ್ಲಿ ಹೋದರೆ ಕಿಲೋಮೀಟರಿಗೆ 30 ವ್ಯಾಟ್-ಗಂಟೆಯ ಸುಮಾರು ಖರ್ಚಾದೀತು. ಅಂದರೆ 100 ಕಿಲೋಮೀಟರು. ಹಿಂದೆ ಇನ್ನೊಬ್ಬರು ಕುಳಿತು, ಕಾಲ ಬಳಿ ಅಕ್ಕಿಯ ಚೀಲವಿದ್ದು, ವೇಗ 60ಕ್ಕೆ ಏರಿದರೆ ಖರ್ಚು 40ಕ್ಕೆ ಹೋಗುತ್ತದೆ, ದೂರ 75ಕ್ಕೆ ಇಳಿಯುತ್ತದೆ. ವೇಗ 40ರಿಂದ 60ಕ್ಕೆ ಏರಿದರೆ ಗಾಳಿಯ ತಡೆ ಎರಡೂಕಾಲು ಪಾಲಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಅದಕ್ಕೆ ಬಳ್ಳಾರಿ ಸೀಮೆಯ ಆಷಾಢದ ಗಾಳಿಯೂ ಕೂಡಿದರೆ ಕೇಳುವುದೇ ಬೇಡ.

ಈಗ ಭೂಪಟ ನೋಡೋಣ. ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು 28 ಕಿಲೋಮೀಟರು. ದೊಡ್ಡಬಸವೇಶ್ವರನ ದರ್ಶನ ಮುಗಿಸಿ, ಆ ಏಕಶಿಲೆಯ ಬೃಹತ್ ಬಸವನ ಮುಂದೆ ಒಂದು ಗಳಿಗೆ ಕುಳಿತು, ಸಂಜೆಗೆ ಮರಳಿದರೆ ಹೋಗಿಬರುವ ಓಟ 56. ದಂಪತಿಗಳಿಬ್ಬರೂ ಯಾವ ಆತಂಕವೂ ಇಲ್ಲದೆ 3 ಯೂನಿಟ್ಟಿನ ಗಾಡಿಯಲ್ಲಿ ಹೋಗಿಬರಬಹುದು. ಆದರೆ ಸಿರುಗುಪ್ಪದ ಮಾತೇ ಬೇರೆ. ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ತೆಕ್ಕಲಕೋಟೆಯನ್ನು ಹಾದು ಸಿರುಗುಪ್ಪ ಮುಟ್ಟುವ ಹೊತ್ತಿಗೆ 55 ಕಿಲೋಮೀಟರಿನಷ್ಟಾಗುತ್ತದೆ, ಹೋಗಿಬರುವುದು 110. ಒಂದೇ ಚಾರ್ಜಿನಲ್ಲಿ ಇದು ಆಗದು. ಆಗುತ್ತದೆಂದು ಅಂಗಡಿಯವನು ಹೇಳಿದ್ದನ್ನು ನಂಬಿ ಹೊರಟವನು ರಾತ್ರಿಯಲ್ಲಿ ಭತ್ತದ ಗದ್ದೆಗಳ ನಡುವೆ ನಿಂತಾನು. ಪೆಟ್ರೋಲು ಮುಗಿದರೆ ದಾರಿಹೋಕರ ಕೈಯಲ್ಲಿ ಬಾಟಲಿ ಕೊಟ್ಟು ತರಿಸಬಹುದು. ವಿದ್ಯುತ್ತನ್ನು ಬಾಟಲಿಯಲ್ಲಿ ತರುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

ಬಳ್ಳಾರಿಯಲ್ಲಿ ಮನೆ, ಸಿರುಗುಪ್ಪದಲ್ಲಿ ಉದ್ಯೋಗ ಇರುವವರು ಏನು ಮಾಡಬೇಕು? ಶಾಲೆಯಲ್ಲೋ ಕಚೇರಿಯಲ್ಲೋ ಒಳ್ಳೆಯ ಮೂರು ಕವಲಿನ ಪ್ಲಗ್ಗಿದ್ದು, ಮೇಲಿನವರ ಒಪ್ಪಿಗೆಯಿದ್ದರೆ, ಕೆಲಸದ ಆರು ಗಂಟೆಗಳಲ್ಲಿ ಗಾಡಿ ತುಂಬಿಕೊಳ್ಳುತ್ತದೆ. ಸಾಮಾನ್ಯ ಚಾರ್ಜರಿಗೆ ನಾಲ್ಕೈದು ಗಂಟೆ ಸಾಕು. ಬಳಸಿದ ಯೂನಿಟ್ಟಿನ ಹಣವನ್ನು ತಿಂಗಳಿಗೊಮ್ಮೆ ಕೊಟ್ಟುಬಿಡುವುದು ಸಭ್ಯತೆ. ಆದರೂ ನನ್ನನ್ನು ಕೇಳಿದರೆ, ಲಾರಿಗಳೋಡುವ ಹೆದ್ದಾರಿಯಲ್ಲಿ ದಿನವೂ 110 ಕಿಲೋಮೀಟರನ್ನು ಸಣ್ಣ ಚಕ್ರದ ಗಾಡಿಯ ಮೇಲೆ ಕಳೆಯುವುದಕ್ಕಿಂತ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಮೇಲು. 2023ರ ಜೂನ್ 11ರಂದು ಶಕ್ತಿ ಯೋಜನೆ ಪ್ರಾರಂಭವಾದಂದಿನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವೂ ಇಲ್ಲ. ಮನೆಯಿಂದ ಬಸ್ ನಿಲ್ದಾಣಕ್ಕೆ ಒಂದು ಚಿಕ್ಕ ಇ-ಸೈಕಲ್ಲು, ಅಲ್ಲಿಂದ ಬಸ್ಸು, ಇದು ಹೆಚ್ಚಿನ ಜನರಿಗೆ ಹೊಂದುವ ಲೆಕ್ಕ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 3 ಯೂನಿಟ್ಟಿನ ಬ್ಯಾಟರಿ ತುಂಬಲು ಗೋಡೆಯ ಪ್ಲಗ್ಗಿನಿಂದ ಮೂರೂವರೆ ಯೂನಿಟ್ಟು ಬೇಕಾಗುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 28 ರೂಪಾಯಿಗೆ 80–90 ಕಿಲೋಮೀಟರು. ಅಷ್ಟೇ ದೂರಕ್ಕೆ ಪೆಟ್ರೋಲ್ ಸ್ಕೂಟರು ಎರಡು ಲೀಟರಿನ ಹತ್ತಿರ ಕುಡಿಯುತ್ತದೆ. ಲೀಟರಿಗೆ 100 ರೂಪಾಯಿಯಂತೆ ಲೆಕ್ಕ ಹಾಕಿದರೂ ಏಳು ಪಟ್ಟು. ಆದರೆ ಗೃಹಜ್ಯೋತಿಯ ಫಲಾನುಭವಿಗಳು ಒಂದು ವಿಷಯ ಗಮನಿಸಬೇಕು. ಆ ಯೋಜನೆಯಲ್ಲಿ ಉಚಿತ ಯೂನಿಟ್ಟುಗಳ ಮಿತಿಯನ್ನು ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಗೊತ್ತುಮಾಡಿದೆ. ತಿಂಗಳ ಬಳಕೆ 200 ಯೂನಿಟ್ಟನ್ನು ದಾಟಿದರೆ ಪೂರ್ತಿ ಬಿಲ್ಲನ್ನು ತೆರಬೇಕು. ದಿನಕ್ಕೆ 30 ಕಿಲೋಮೀಟರು ಓಡುವ ಗಾಡಿ ತಿಂಗಳಿಗೆ 30–40 ಯೂನಿಟ್ಟು ನುಂಗುತ್ತದೆ. ಬೇಸಿಗೆಯಲ್ಲಿ ಕೂಲರಿನ ಜೊತೆ ಇದೂ ಸೇರಿದಾಗ ಮಿತಿ ದಾಟುವುದು ಕಷ್ಟವೇನಲ್ಲ. ಗಾಡಿ ಕೊಳ್ಳುವ ಮುನ್ನ ಹಿಂದಿನ ವರ್ಷದ ಏಪ್ರಿಲ್, ಮೇ ತಿಂಗಳುಗಳ ಜೆಸ್ಕಾಂ ಬಿಲ್ಲುಗಳನ್ನು ಹುಡುಕಿ ನೋಡುವುದು ಒಳ್ಳೆಯದು.

ಬಿಸಿಲು ಮತ್ತು ಬ್ಯಾಟರಿ

ಗಾಡಿಯ ಬೆಲೆಯಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಬ್ಯಾಟರಿಯದೇ ಆಗಿರುತ್ತದೆ. ಆದ್ದರಿಂದ ಬ್ಯಾಟರಿಯ ಆಯುಸ್ಸೇ ಗಾಡಿಯ ಆಯುಸ್ಸು. ಲಿಥಿಯಂ ಬ್ಯಾಟರಿಯ ಸ್ವಭಾವ ಮನುಷ್ಯನ ಸ್ವಭಾವವನ್ನೇ ಹೋಲುತ್ತದೆ. 20–30 ಡಿಗ್ರಿಯ ಹವೆಯಲ್ಲಿ ಅದಕ್ಕೆ ಹಿತ. ಉಷ್ಣತೆ ಏರಿದಷ್ಟೂ ಒಳಗಿನ ರಾಸಾಯನಿಕಗಳು ಬೇಗ ಸವೆದು ಮುಪ್ಪು ಮುಂಚಿತವಾಗಿ ಬರುತ್ತದೆ. ಪೂರ್ತಿ ತುಂಬಿದ ಬ್ಯಾಟರಿ ಕಡುಬಿಸಿಲಿನಲ್ಲಿ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು.

ಈ ಬ್ಯಾಟರಿಗಳಲ್ಲಿಯೂ ಎರಡು ಮುಖ್ಯ ಕುಲಗಳಿವೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟುಗಳನ್ನು ಬೆರೆಸಿದ ಎನ್.ಎಂ.ಸಿ. ಎಂಬುದು ಹಗುರ, ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ. ಕಬ್ಬಿಣ, ರಂಜಕಗಳ ಎಲ್.ಎಫ್.ಪಿ. ಎಂಬುದು ಭಾರ, ಆದರೆ ಶಾಖವನ್ನು ಚೆನ್ನಾಗಿ ತಾಳುತ್ತದೆ, ಬೆಂಕಿ ಹತ್ತುವುದು ಕಷ್ಟ, ಹೆಚ್ಚು ಸಲ ತುಂಬಿ ಖಾಲಿ ಮಾಡಬಹುದು. ಗುಡ್‌ಇನಫ್ ಅವರ ಟೆಕ್ಸಸ್ ಪ್ರಯೋಗಶಾಲೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಈ ಎರಡನೆಯ ಕುಲವೇ ಬಳ್ಳಾರಿಯ ಹವೆಗೆ ಒಗ್ಗುವಂಥದು. ಕಬ್ಬಿಣದ ಅದಿರಿನ ಜಿಲ್ಲೆಗೆ ಕಬ್ಬಿಣದ ಬ್ಯಾಟರಿಯೇ ಸೈ ಎಂದು ಬೇಕಾದರೆ ನೆನಪಿಟ್ಟುಕೊಳ್ಳಿ! ಎರಡು ಗಾಡಿಗಳು ಉಳಿದ ವಿಷಯಗಳಲ್ಲಿ ಸರಿಸಮವಾಗಿದ್ದರೆ, ಹತ್ತು ಕಿಲೋಮೀಟರು ಕಡಿಮೆ ಓಡಿದರೂ ಎಲ್.ಎಫ್.ಪಿ.ಯದನ್ನು ಆರಿಸಿ. ಅದನ್ನು ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆಯೆಂಬ ಅಂಕಿ ತಪ್ಪಾಗಿ ತೋರುವುದುಂಟು. ಎನ್.ಎಂ.ಸಿ. ಆದರೆ ದಿನನಿತ್ಯಕ್ಕೆ 80–90ರ ವರೆಗೆ ತುಂಬಿದರೆ ಸಾಕು.

ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಿನಿಂದ ಬಂದವರು ಗಾಡಿಯನ್ನು ಕೂಡಲೇ ಪ್ಲಗ್ಗಿಗೆ ಸಿಕ್ಕಿಸಬಾರದು. ದಣಿದು ಬಂದವನಿಗೆ ಬಿಸಿ ಊಟ ಬಡಿಸುವ ಮುನ್ನ ತಣ್ಣೀರು ಕೊಡುವುದಿಲ್ಲವೇ? ಒಂದು ಗಂಟೆಯ ಕಾಲ ನೆರಳಿನಲ್ಲಿ ಆರಲು ಬಿಡಬೇಕು. ಬೇಸಿಗೆಯಲ್ಲಿ ಚಾರ್ಜ್ ಮಾಡಲು ಪ್ರಶಸ್ತವಾದ ಕಾಲವೆಂದರೆ ಬೆಳಗಿನ ಜಾವ ಐದರಿಂದ ಎಂಟರ ತನಕ. ತಗಡಿನ ಮಾಡಿನ ಕೆಳಗೆ ನೆರಳಿದ್ದರೂ ಅದು ಒಲೆಯೇ. ಬೇವಿನ ಮರದಡಿ ನಿಲ್ಲಿಸುವುದು ಸಾವಿರ ಪಾಲು ಉತ್ತಮ. ರಜೆಯಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗುವವರು ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು. ಅರ್ಧದಷ್ಟು ತುಂಬಿ ತಂಪಾದ ಕಡೆ ಇಟ್ಟು ಹೋಗಬೇಕು.

ಬೆಂಕಿಯ ಮಾತು

2022ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು, ಪ್ರಾಣಹಾನಿಯೂ ಆಯಿತು. ಕೇಂದ್ರ ಸರ್ಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿ, ಎ.ಐ.ಎಸ್. 156 ಎಂಬ ಬ್ಯಾಟರಿ ಮಾನದಂಡವನ್ನು ಬಿಗಿಗೊಳಿಸಿತು. ಹೊಸ ನಿಯಮದ ಮೊದಲ ಹಂತ 2022ರ ಡಿಸೆಂಬರ್ 1ರಿಂದಲೂ ಎರಡನೆಯದು 2023ರ ಮಾರ್ಚ್ 31ರಿಂದಲೂ ಜಾರಿಗೆ ಬಂದವು. ಆದ್ದರಿಂದ ಹಳೆಯ ಗಾಡಿಯನ್ನು ಎರಡನೆಯ ಕೈಯಿಂದ ಕೊಳ್ಳುವವರು ಅದು ತಯಾರಾದ ದಿನಾಂಕವನ್ನು ಮೊದಲು ನೋಡಬೇಕು. ಬೆಲೆ ಸೊಗಸಾಗಿದೆಯೆಂದು 2021ರ ಗಾಡಿಗೆ ಮರುಳಾಗುವುದು ಬೇಡ.

ಭಯಪಟ್ಟು ಕೈಬಿಡುವ ವಿಷಯ ಇದಲ್ಲ. ಅಡಿಗೆಮನೆಯ ಗ್ಯಾಸಿನ ಸಿಲಿಂಡರಿನೊಡನೆ ಬದುಕಲು ಕಲಿತವರು ನಾವು. ಆದರೆ ಅಲ್ಲಿರುವ ಎಚ್ಚರ ಇಲ್ಲಿಯೂ ಬೇಕು. ಕಳಚುವ ಬ್ಯಾಟರಿಯನ್ನು ರಾತ್ರಿ ಮಲಗುವ ಕೋಣೆಯಲ್ಲಿ ಚಾರ್ಜಿಗಿಟ್ಟು ಪಕ್ಕದಲ್ಲೇ ಮಕ್ಕಳನ್ನು ಮಲಗಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ. ಇದನ್ನು ಇಂದೇ ನಿಲ್ಲಿಸಬೇಕು. ಹೊರಬಾಗಿಲ ಬಳಿಯೂ, ಮೆಟ್ಟಿಲ ಕೆಳಗೂ ಇಡಬಾರದು. ಬೆಂಕಿ ಹತ್ತಿದರೆ ಮನೆಯವರು ಓಡಿಬರಬೇಕಾದ ದಾರಿಯೇ ಅದು. ಕಲ್ಲು ಹಾಸಿದ ಹೊರಜಗಲಿಯೋ ಅಂಗಳವೋ ಉತ್ತಮ. ಪ್ಲಗ್ಗಿಗೆ ಭೂಸಂಪರ್ಕ ಸರಿಯಾಗಿದೆಯೇ ಎಂದು ವೈರಿಂಗಿನವರಿಂದ ಪರೀಕ್ಷಿಸಿ; ಕಿಟಕಿಯಿಂದ ಎಳೆದ ತೆಳುವಾದ ಎಕ್ಸ್‌ಟೆನ್ಷನ್ ತಂತಿ ಬೇಡವೇ ಬೇಡ. ಚಾರ್ಜರು ಗಾಡಿಯ ಜೊತೆ ಬಂದದ್ದೇ ಆಗಿರಲಿ. ಪಿನ್ನು ಹೊಂದಿತೆಂದು ಬೇರೆಯದನ್ನು ಸಿಕ್ಕಿಸಬೇಡಿ. ಬಿದ್ದು ಉಬ್ಬಿದ, ವಾಸನೆ ಬರುವ ಬ್ಯಾಟರಿಯನ್ನು ಮನೆಯೊಳಗೆ ತರಬಾರದು. ಹೊಗೆ ಕಂಡರೆ ಮನೆಯವರೆಲ್ಲ ಹೊರಗೆ ಬಂದು 101 ಅಥವಾ 112ಕ್ಕೆ ಕರೆಮಾಡುವುದು. ಗಾಡಿಯನ್ನು ಉಳಿಸಲು ಹೋಗಬೇಡಿ.

ಗಾಡಿಯ ಅಲಂಕಾರ, ಸವಾರನ ಅಲಂಕಾರ

ಹೊಸ ಗಾಡಿ ಮನೆಗೆ ಬಂದೊಡನೆ ನಿಂಬೆಹಣ್ಣು, ಹೂವಿನ ಹಾರ ಆಗುತ್ತವೆ. ಆಮೇಲೆ ಬಣ್ಣದ ದೀಪಗಳು, ಹಾಡು ಹೇಳುವ ಪೆಟ್ಟಿಗೆ ಬೇಕೆನಿಸುತ್ತದೆ. ಹೊರಗಿನವರಿಂದ ತಂತಿ ಕೊಯ್ಯಿಸಿ ಹೀಗೆ ಜೋಡಿಸಿದರೆ ಕಂಪನಿಯ ಖಾತರಿ ರದ್ದಾದೀತು, ತಂತಿಯ ಗಂಟಿನಲ್ಲಿ ಕಿಡಿಯೂ ಹುಟ್ಟೀತು. ಅದಕ್ಕೆ ಬದಲು ಹಿಂದಿನ ಚಕ್ರದ ಸೀರೆ ಕಾಪು ಗಟ್ಟಿಯಾಗಿದೆಯೇ ನೋಡಿ. ಅರ್ಧ ಚಕ್ರವನ್ನಾದರೂ ಮುಚ್ಚುವ ಈ ಕಾಪು, ಹಿಂದೆ ಕುಳಿತವರಿಗೆ ಹಿಡಿಕೆ, ಕಾಲಿಡಲು ಮೆಟ್ಟು ಇವೆಲ್ಲ ಕಾನೂನಿನಂತೆಯೇ ಇರಬೇಕಾದವು. ಪೆಟ್ರೋಲ್ ಗಾಡಿಯಾದರೆ ಸದ್ದಿನಿಂದ ಚಕ್ರದ ನೆನಪಾದರೂ ಇರುತ್ತದೆ. ಇದರಲ್ಲಿ ಚಕ್ರ ಸದ್ದಿಲ್ಲದೆ ತಿರುಗಿ ಸೆರಗನ್ನು ಎಳೆದುಕೊಳ್ಳುತ್ತದೆ.

ಶಿರಸ್ತ್ರಾಣ ಇಬ್ಬರಿಗೂ ಬೇಕು. ಹಿಂದೆ ಕುಳಿತವರಿಗೂ ಅದು ಕಡ್ಡಾಯವೆಂದು ಕರ್ನಾಟಕದಲ್ಲಿ 2016ರಲ್ಲಿಯೇ ಆಜ್ಞೆಯಾಗಿದೆ. ಐ.ಎಸ್.ಐ. ಗುರುತಿರುವ, ಗಾಳಿಗಂಡಿಗಳುಳ್ಳ, ತಿಳಿ ಬಣ್ಣದ್ದನ್ನು ಆರಿಸಿಕೊಂಡರೆ ಬೇಸಿಗೆಯಲ್ಲಿ ಸ್ವಲ್ಪ ನೆಮ್ಮದಿ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ವರೆಗಿನ ಮಕ್ಕಳನ್ನು ಕೂರಿಸಿಕೊಂಡರೆ ಸೊಂಟಪಟ್ಟಿಯೂ ಮಕ್ಕಳ ಶಿರಸ್ತ್ರಾಣವೂ ಇರಬೇಕು, ವೇಗ 40 ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಳ್ಳುವ ಅಜ್ಜಂದಿರು ಇದನ್ನು ಗಮನಿಸಬೇಕು.

ಸದ್ದಿಲ್ಲದಿರುವುದು ಈ ವಾಹನದ ಗುಣ, ದೋಷವೂ ಅದೇ. ಬೀದಿಯ ನಾಯಿ, ದಾರಿಯಲ್ಲಿ ನಡೆಯುವ ಎಮ್ಮೆ, ಕಿವಿ ಮಂದವಾದ ವೃದ್ಧರು ಯಾರಿಗೂ ಇದು ಬಂದದ್ದು ತಿಳಿಯದು. ಗಲ್ಲಿಗಳಲ್ಲಿ ಮೆಲ್ಲನೆ ಹಾರ್ನು ಮಾಡಿ ಹೋಗಬೇಕು. ಮಳೆ ಸುರಿದ ದಿನ ಬಳ್ಳಾರಿಯ ರೈಲ್ವೆ ಕೆಳಸೇತುವೆಗಳಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಬ್ಯಾಟರಿಯ ಪೆಟ್ಟಿಗೆಯ ಮೇಲೆ ಐ.ಪಿ. 67 ಎಂದು ಬರೆದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ತಾಳುವುದೆಂದು ಅರ್ಥ. ಅದು ಹೊಸದಾಗಿದ್ದಾಗಿನ ಪರೀಕ್ಷೆ. ಮೂರು ವರ್ಷ ಬಿಸಿಲುಂಡ ರಬ್ಬರಿನ ಮೇಲೆ ಅಷ್ಟು ವಿಶ್ವಾಸ ಬೇಡ. ಸುತ್ತಿ ಹೋಗುವುದು ಲೇಸು.

ಚಳಿಗಾಲ ಬಂದಾಗ

ಶೀತ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಾಹನದ ಕಷ್ಟಕಾಲವೆಂದರೆ ಚಳಿಗಾಲ. ಉಷ್ಣತೆ ಸೊನ್ನೆಗೆ ಇಳಿದರೆ ಬ್ಯಾಟರಿಯ ಓಟ ಗಣನೀಯವಾಗಿ ಕುಗ್ಗುತ್ತದೆ. ಸೊನ್ನೆಯ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಟೊರಾಂಟೊದಲ್ಲಿಯೋ ಮಿನಿಯಾಪೊಲಿಸಿನಲ್ಲಿಯೋ ಇರುವ ಮಗ ಸೈಕಲ್ಲಿನ ಬ್ಯಾಟರಿಯನ್ನು ಕಳಚಿ ಬೆಚ್ಚನೆಯ ಮನೆಯೊಳಗೆ ತಂದ ಮೇಲೆಯೇ ಚಾರ್ಜ್ ಮಾಡುವುದು ಇದಕ್ಕಾಗಿ. ಬಳ್ಳಾರಿಯಲ್ಲಿರುವ ತಾಯಿಗೆ ಆ ಚಿಂತೆಯಿಲ್ಲ. ಇಲ್ಲಿಯ ಮಾಗಿಯ ಬೆಳಗು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶಾಲು ಹೊದ್ದವರಿಗೆ ಚಳಿಯಾದರೂ ಬ್ಯಾಟರಿಗೆ ಅದು ವಸಂತಕಾಲವೇ ಸರಿ. ಗಾಡಿ ವರ್ಷದಲ್ಲೆಲ್ಲ ಚೆನ್ನಾಗಿ ಓಡುವುದು ಕಾರ್ತಿಕದಿಂದ ಶಿವರಾತ್ರಿಯ ವರೆಗೆ.

ಹಾಗೆಂದು ನಮ್ಮ ಚಳಿಗಾಲಕ್ಕೆ ಅಪಾಯವಿಲ್ಲವೆಂದಲ್ಲ. ಅದು ಬ್ಯಾಟರಿಯಲ್ಲಿ ಇಲ್ಲ, ರಸ್ತೆಯ ಮೇಲಿದೆ. ತುಂಗಭದ್ರೆಯ ಕಾಲುವೆಯ ನೀರುಂಡ ಸಿರುಗುಪ್ಪದ ಬಯಲಿನಲ್ಲಿ ನವೆಂಬರ್, ಡಿಸೆಂಬರಿನ ವೇಳೆಗೆ ಭತ್ತದ ಕೊಯ್ಲು ನಡೆಯುತ್ತದೆ. ಕಣಕ್ಕೆ ಜಾಗ ಸಾಲದೆ ರೈತರು ರಸ್ತೆಯ ಅರ್ಧಭಾಗದಲ್ಲಿ ಭತ್ತ ಹರವುವರು. ರಾಶಿಯ ಅಂಚಿಗೆ ಕಲ್ಲುಗಳನ್ನಿಟ್ಟಿರುವರು. ಕಾಳಿನ ಮೇಲೆ ಚಕ್ರ ಹೋದರೆ ಗೋಲಿಗಳ ಮೇಲೆ ಹೋದಂತೆಯೇ. ವಿದ್ಯುತ್ ಮೋಟಾರು ಹಿಡಿ ತಿರುಗಿಸಿದ ಕ್ಷಣಕ್ಕೆ ಪೂರ್ತಿ ಬಲ ಕೊಡುವುದರಿಂದ ಹಿಂದಿನ ಚಕ್ರ ಪಕ್ಕನೆ ಜಾರುತ್ತದೆ. ಅಂತಹ ಕಡೆ ಹಿಡಿಯನ್ನೂ ಬ್ರೇಕನ್ನೂ ಮುಟ್ಟದೆ ನೆಟ್ಟಗೆ, ಮೆಲ್ಲಗೆ ದಾಟಬೇಕು. ಸಂಜೆಯಾದ ಮೇಲೆ ಹತ್ತಿ, ಭತ್ತ, ಮೆಣಸಿನಕಾಯಿಯ ಚೀಲಗಳನ್ನು ಹೇರಿದ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೊರಡುತ್ತವೆ. ಮುಂಜಾನೆ ಕಾಲುವೆಯ ಬದಿಯಲ್ಲಿ ಮಂಜು ಕವಿದಿರುತ್ತದೆ. ಬೆಳಗಿನ ಏಳಕ್ಕೆ ಮುಂಚೆ, ಸಂಜೆಯ ಆರೂವರೆಯ ಅನಂತರ ಈ ದಾರಿಯಲ್ಲಿ ಇ-ಬೈಕಿನ ಸವಾರಿಯನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಹಿಂಭಾಗಕ್ಕೆ ಒಂದು ಹೊಳೆಯುವ ಪಟ್ಟಿ ಅಂಟಿಸಿ. ಹತ್ತಿಪ್ಪತ್ತು ರೂಪಾಯಿಯ ಮಾತು.

ಚಳಿಗೆ ಟೈರಿನೊಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಬೇಸಿಗೆಯಲ್ಲಿ ತುಂಬಿದ್ದನ್ನು ಡಿಸೆಂಬರಿನಲ್ಲಿ ನೋಡದಿದ್ದರೆ ಓಟ ಕಡಿಮೆಯಾಯಿತೆಂದು ಬ್ಯಾಟರಿಯನ್ನು ದೂರುವಂತಾದೀತು. ಮಫ್ಲರಿನ ತುದಿಗಳನ್ನು ಅಂಗಿಯೊಳಗೆ ಸೇರಿಸಿಕೊಳ್ಳಿ. ಸೆರಗಿಗೆ ಹೇಳಿದ ಮಾತೇ ಇದಕ್ಕೂ ಸಲ್ಲುತ್ತದೆ. ಬೆರಳು ಮರಗಟ್ಟದಂತೆ ತೆಳುವಾದ ಕೈಚೀಲ ಸಾಕು.

ಇನ್ನು ಹಣ ಕೊಡುವ ಮುನ್ನ ಕೇಳಬೇಕಾದ ಕೆಲವು ಪ್ರಶ್ನೆಗಳು ಉಳಿದಿವೆ. ದುರಸ್ತಿಯ ಕೇಂದ್ರ ಎಲ್ಲಿದೆ? ಕುರುಗೋಡಿನವರೂ ಸಿರುಗುಪ್ಪದವರೂ ಇದನ್ನು ಎರಡು ಸಲ ಕೇಳಬೇಕು. ಕೆಟ್ಟ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಳ್ಳಾರಿಗೆ ಬರುವ ಬಾಡಿಗೆ ಒಂದೆರಡು ಸಲಕ್ಕೇ ಒಂದು ವರ್ಷದ ಪೆಟ್ರೋಲಿನ ಉಳಿತಾಯದಲ್ಲಿ ದೊಡ್ಡ ಪಾಲನ್ನು ತಿಂದುಬಿಡುತ್ತದೆ. ಬ್ಯಾಟರಿಯ ಖಾತರಿ ಎಷ್ಟು ವರ್ಷ, ಎಷ್ಟು ಕಿಲೋಮೀಟರು, ಹಿಡಿತ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುವರು ಎಂಬುದನ್ನು ಬರಹದಲ್ಲಿ ಪಡೆಯಬೇಕು. ವಿದ್ಯುತ್ ವಾಹನಗಳ ಜಿ.ಎಸ್.ಟಿ. 2019ರ ಆಗಸ್ಟಿನಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಆದರೆ ಕೇಂದ್ರದ ಸಹಾಯಧನ 2021ರಲ್ಲಿ ಏರಿ, 2023ರಲ್ಲಿ ಇಳಿದು, ಹೀಗೆ ಪದೇ ಪದೇ ಬದಲಾಗಿದೆ. ಅಂಗಡಿಯವರು ಹೇಳುವ ರಿಯಾಯಿತಿ ಸರ್ಕಾರದ್ದೋ ಅವರದೇ ಹಬ್ಬದ ಕೊಡುಗೆಯೋ ಎಂಬುದನ್ನು ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ನಮೂದಿಸುವಂತೆ ಕೇಳಿ. ಕೊನೆಗೆ ಬ್ಯಾಟರಿ ಸವೆದ ದಿನ ಅದನ್ನು ಗುಜರಿಯವನಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವಾಗ ಹಳೆಯದಕ್ಕೆ ಎಷ್ಟು ವಜಾ ಮಾಡುವರೆಂದು ಗಾಡಿ ಕೊಳ್ಳುವ ದಿನವೇ ವಿಚಾರಿಸಿಡಿ.